ಪೂಲ್ ಆಡುವಾಗ ಕಣ್ಣು ತಪ್ಪುವುದು ಎಲ್ಲಿ? ಗುರಿ ಸರಿಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಪೂಲ್ ಅಂದರೆ ಟೇಬಲ್ ಮೇಲೆ ಸ್ಟಿಕ್‌ನಿಂದ ಬಿಳಿ ಬಾಲನ್ನು ಹೊಡೆದು, ಅದರಿಂದ ಬೇರೆ ಬಾಲುಗಳನ್ನು ಅಂಚಿನ ಪಾಕೆಟ್‌ಗಳಿಗೆ ಬೀಳಿಸುವ ಆಟ. ಪೂಲ್ ಬಾಲಿನ ಅಡ್ಡಳತೆ 57.15 ಮಿಲಿಮೀಟರ್. ಈ ಅಳತೆಯಿಂದ ಒಂದು ಸುಲಭ ಲೆಕ್ಕ ಸಿಗುತ್ತದೆ. ನೇರ ಹೊಡೆತದಲ್ಲಿ ಬಿಳಿ ಬಾಲು ಬಡಿಯಬೇಕಾದ ಜಾಗಕ್ಕಿಂತ 1 ಮಿ.ಮೀ. ಪಕ್ಕಕ್ಕೆ ಬಡಿದರೆ, ಎದುರಿನ ಬಾಲು ಹೆಚ್ಚುಕಡಿಮೆ ಸರಿಯಾಗಿ 1 ಡಿಗ್ರಿ ದಾರಿ ತಪ್ಪುತ್ತದೆ. ಅಲ್ಲಿಂದ ಪಾಕೆಟ್ 1 ಮೀಟರ್ ದೂರ ಇದ್ದರೆ, ಆ 1 ಡಿಗ್ರಿ ಅಲ್ಲಿಗೆ ಹೋಗುವಷ್ಟರಲ್ಲಿ 17 ಮಿ.ಮೀ. ದಾಟಿರುತ್ತದೆ. ಪಂದ್ಯದ ಟೇಬಲ್‌ನಲ್ಲಿ ಮೂಲೆ ಪಾಕೆಟ್‌ನ ಬಾಯಿ ಸುಮಾರು 115 ಮಿ.ಮೀ. ಅದರಲ್ಲಿ ಬಾಲಿಗೇ 57 ಹೋಯಿತು. ಎರಡೂ ಕಡೆ ಉಳಿಯುವುದು 29. ಅಂದರೆ ಬಾಲಿನ ಮೇಲೆ ನೀವು ಮಾಡಬಹುದಾದ ತಪ್ಪು ಆ ಕಡೆ ಒಂದೂವರೆ ಮಿ.ಮೀ., ಈ ಕಡೆ ಒಂದೂವರೆ ಮಿ.ಮೀ. ಚಿಲ್ಲರೆ. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ದಪ್ಪ.

ಎದುರಿನ ಬಾಲಿನ ಪಕ್ಕಕ್ಕೆ ಬಡಿದು ಅದನ್ನು ಓರೆಯಾಗಿ ಕಳಿಸುವ ಹೊಡೆತಕ್ಕೆ ಕಟ್ ಅನ್ನುತ್ತಾರೆ. ಕಟ್ ಹೊಡೆಯುವಾಗ ಇದು ಇನ್ನೂ ಬಿಗಿ. 60 ಡಿಗ್ರಿಯ ತೆಳು ಕಟ್‌ನಲ್ಲಿ 1 ಮಿ.ಮೀ. ತಪ್ಪಿದರೆ ಬಾಲು 2 ಡಿಗ್ರಿ ತಿರುಗುತ್ತದೆ.

ಇಷ್ಟು ಸಣ್ಣ ಅಳತೆಯನ್ನು ನಾವು ಬರೀ ಕಣ್ಣಂದಾಜಿನಲ್ಲಿ ಹಿಡಿಯಬೇಕು. ಟೇಪ್ ಇಲ್ಲ, ಸ್ಕೇಲ್ ಇಲ್ಲ. ಆ ಕಣ್ಣಿಗೋ ಅದರದೇ ಅಭ್ಯಾಸಗಳಿವೆ. ಅವನ್ನು ತಿಳಿದುಕೊಳ್ಳದೆ ವರ್ಷಗಟ್ಟಲೆ ಆಡಿದರೂ ಗುರಿ ನಿಂತಲ್ಲೇ ನಿಂತಿರುತ್ತದೆ. ಇದನ್ನು ನಾನು ಬಳ್ಳಾರಿಯಲ್ಲಿ ನಮ್ಮ ಜೊತೆ ಆಡುವ ಒಬ್ಬ ಹುಡುಗನಿಂದ ಕಲಿತೆ.

ಅವನು ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡುತ್ತಾನೆ. ಚಾಕ್‌ನಿಂದ ಎಳೆದ ಗೆರೆ ಒಂದು ನೂಲಿನಷ್ಟು ಸೊಟ್ಟ ಆದರೂ ಅವನಿಗೆ ಗೊತ್ತಾಗುತ್ತದೆ. ಅಂಥ ಕಣ್ಣು. ಆದರೆ ಪೂಲ್ ಟೇಬಲ್‌ಗೆ ಬಂದರೆ ಸುಲಭದ ಕಟ್‌ಗಳನ್ನೇ ಬಿಡುತ್ತಿದ್ದ. "ನೆಟ್ಟಗೆ ಕಾಣ್ತೈತಣ್ಣಾ, ಆದ್ರೆ ಬಾಲು ಹೋಗವಲ್ದು" ಅನ್ನುತ್ತಿದ್ದ. ಅವನು ಹೇಳಿದ್ದು ನಿಜ. ಅವನಿಗೆ ನೆಟ್ಟಗೇ ಕಾಣುತ್ತಿತ್ತು. ಬಟ್ಟೆಯನ್ನು ಅವನು ಮೇಲಿನಿಂದ ನೋಡಿ ಕತ್ತರಿಸುತ್ತಾನೆ. ಇಲ್ಲಿ ಗಲ್ಲ ಸ್ಟಿಕ್‌ಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಎರಡೂ ಬೇರೆ ಬೇರೆ ಕಲೆ.

ಅವನ ಜೊತೆ ಕೂತು, ನಿಂತು, ಬಗ್ಗಿ ಮಾಡಿದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಪಾಕೆಟ್‌ಗೆ ಹಾಕಬೇಕಾದ ಬಾಲನ್ನು ಸುಲಭಕ್ಕೆ "ಬಣ್ಣದ ಬಾಲು" ಅಂತ ಕರೆಯುತ್ತೇನೆ. ಬೇಕಾದಷ್ಟಕ್ಕಿಂತ ನಡುವಿಗೆ ಬಡಿದರೆ "ದಪ್ಪ", ಅಂಚಿಗೆ ಬಡಿದರೆ "ತೆಳು".

ಹಂತ 1: ತಪ್ಪು ಕಣ್ಣಿನದೋ ಕೈಯದೋ ನೋಡಿ

ಎಲ್ಲಕ್ಕಿಂತ ಮೊದಲು ಇದೇ ಆಗಬೇಕು. ಎಷ್ಟೋ ಜನ ಕಣ್ಣಿನ ತಪ್ಪಿಗೆ ಕೈಯನ್ನು ತಿದ್ದುತ್ತಾ ಕೂರುತ್ತಾರೆ. ಆಮೇಲೆ ಎರಡೂ ಕೆಡುತ್ತವೆ.

ಬಣ್ಣದ ಬಾಲನ್ನು ಮೂಲೆ ಪಾಕೆಟ್‌ನಿಂದ 1 ಮೀಟರ್ ದೂರ ಇಡಿ. ಅದರ ಹಿಂದೆ, ಅದೇ ನೇರಕ್ಕೆ, 60 ಸೆಂಟಿಮೀಟರ್ ದೂರದಲ್ಲಿ ಬಿಳಿ ಬಾಲು ಇಡಿ. ಮೂರೂ ಒಂದೇ ಗೆರೆಯಲ್ಲಿರಬೇಕು. ಇಲ್ಲಿ ಕಣ್ಣನ್ನು ನಂಬಬೇಡಿ, ದಾರ ಹಿಡಿದೇ ಇಡಿ. ಗೌಂಡಿಗಳು ಗೋಡೆ ಕಟ್ಟುವಾಗ ಕಟ್ಟುವ ದಾರ ಇದ್ದರೆ ಇನ್ನೂ ಒಳ್ಳೆಯದು.

ಈಗ ಬಗ್ಗಿ ಗುರಿ ಇಡಿ. ಸರಿ ಅನಿಸಿದ ಕೂಡಲೇ ಹೊಡೆಯದೆ ಹಾಗೇ ನಿಲ್ಲಿ. ಗೆಳೆಯರೊಬ್ಬರು ಸ್ಟಿಕ್ ಅಲುಗದಂತೆ ಹಿಡಿದುಕೊಳ್ಳಲಿ. ನೀವು ಎದ್ದು ಬನ್ನಿ. ಸ್ಟಿಕ್‌ನ ಮೇಲೆಯೇ ದಾರ ಎಳೆದು ಬಣ್ಣದ ಬಾಲಿನವರೆಗೆ ಚಾಚಿ. ದಾರ ಬಾಲಿನ ನಡುವಿಗೆ ಹೋಯಿತೋ, ಎಡಕ್ಕೋ, ಬಲಕ್ಕೋ ಬರೆದುಕೊಳ್ಳಿ. ಹೀಗೆ 10 ಸಲ ಮಾಡಿ.

ಹತ್ತರಲ್ಲಿ ಏಳೆಂಟು ಸಲ ದಾರ ಒಂದೇ ಕಡೆಗೆ ವಾಲಿದರೆ, ಅದು ನಿಮ್ಮ ಕಣ್ಣು ಮತ್ತು ತಲೆಯ ಜಾಗದ ಸಮಸ್ಯೆ. ದಾರ ಪ್ರತಿ ಸಲವೂ ನಡುವಿಗೇ ಹೋಗಿ, ಹೊಡೆದಾಗ ಮಾತ್ರ ತಪ್ಪುತ್ತಿದ್ದರೆ ಸಮಸ್ಯೆ ಕೈಯಲ್ಲಿದೆ. ಆಗ ಈ ಬರಹಕ್ಕಿಂತ ನಿಮಗೆ ಸ್ಟ್ರೋಕ್, ಅಂದರೆ ಸ್ಟಿಕ್ ನೆಟ್ಟಗೆ ಆಡಿಸುವ ಅಭ್ಯಾಸವೇ ಹೆಚ್ಚು ಬೇಕು. ದಾರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಿದ್ದರೆ, ನೀವು ಪ್ರತಿ ಸಲ ಬೇರೆ ಬೇರೆ ಥರ ನಿಲ್ಲುತ್ತಿದ್ದೀರಿ. ಅದಕ್ಕೆ ಮದ್ದು ಹಂತ 8ರಲ್ಲಿದೆ.

ನಮ್ಮ ಹುಡುಗನ ದಾರ ಹತ್ತರಲ್ಲಿ ಎಂಟು ಸಲ ಬಲಕ್ಕೆ ಹೋಯಿತು. ನೋಡಿ ಅವನಿಗೇ ನಂಬಿಕೆ ಬರಲಿಲ್ಲ. ದಾರವೇ ಸೊಟ್ಟ ಇದೆ ಅಂದ.

ಹಂತ 2: ಬಾಲಿನ ತಪ್ಪನ್ನು ಕಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ

ಕಟ್ ಹೊಡೆದಾಗ ಬಿಳಿ ಬಾಲು ಬಣ್ಣದ ಬಾಲನ್ನು ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜಾಟದಲ್ಲಿ ಬಣ್ಣದ ಬಾಲು ತಾನು ಹೋಗಬೇಕಾದ ದಾರಿಗಿಂತ ಸ್ವಲ್ಪ ದಪ್ಪದ ಕಡೆಗೆ ಎಳೆಯಲ್ಪಡುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಥ್ರೋ ಅನ್ನುತ್ತಾರೆ. ಮೆಲ್ಲಗೆ ಹೊಡೆದಾಗ, ಬಾಲು ಕೊಳೆಯಾಗಿದ್ದಾಗ ಇದು ಕೆಲವು ಡಿಗ್ರಿಗಳವರೆಗೂ ಹೋಗುತ್ತದೆ. ನಿಮ್ಮ ಗುರಿ ಸರಿ ಇದ್ದರೂ ಬಾಲು ಹೋಗುವುದಿಲ್ಲ. ನೀವು ಮಾತ್ರ ಕಣ್ಣನ್ನು ಬೈದುಕೊಳ್ಳುತ್ತೀರಿ.

ಆದ್ದರಿಂದ ಪರೀಕ್ಷೆಗೆ ಮೊದಲು ಬಾಲುಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ನಮ್ಮ ಊರಿನ ಧೂಳು ಗೊತ್ತಲ್ವಾ, ಬೇಸಿಗೆಯಲ್ಲಿ ಬಾಗಿಲು ತೆಗೆದಿಟ್ಟರೆ ಸಂಜೆಯೊಳಗೆ ಬಾಲಿನ ಮೇಲೆ ಪದರ ಕೂತಿರುತ್ತದೆ. ಬಿಳಿ ಬಾಲಿನ ನಡುವಿಗೇ ಹೊಡೆಯಿರಿ. ಪಕ್ಕಕ್ಕೆ ಹೊಡೆದು ಸ್ಪಿನ್ ಕೊಟ್ಟರೆ ಬಿಳಿ ಬಾಲು ಸ್ಟಿಕ್ ತೋರಿಸಿದ ದಾರಿಯಲ್ಲಿ ಹೋಗುವುದಿಲ್ಲ, ಸ್ವಲ್ಪ ಆಚೆಗೆ ಸಿಡಿಯುತ್ತದೆ. ವೇಗ ಮಧ್ಯಮವಾಗಿರಲಿ.

ಹಂತ 3: ಇಲ್ಲದ ಬಾಲನ್ನು ನೋಡಲು ಕಲಿಯಿರಿ

ಬಣ್ಣದ ಬಾಲಿನ ಮೇಲೆ ಪಾಕೆಟ್‌ಗೆ ನೇರ ಎದುರಾಗಿ ಹಿಂಬದಿಯಲ್ಲಿ ಒಂದು ಬಿಂದು ಇರುತ್ತದೆ. ಬಿಳಿ ಬಾಲು ಅಲ್ಲಿ ಮುಟ್ಟಬೇಕು. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಕಣ್ಣು ಆ ಬಿಂದುವಿಗೇ ಅಂಟಿಕೊಳ್ಳುತ್ತದೆ, ಸ್ಟಿಕ್ ಕೂಡ ಅಲ್ಲಿಗೇ ತಿರುಗುತ್ತದೆ. ಹೊಸಬರು ಮಾಡುವ ಎಲ್ಲ ತಪ್ಪುಗಳಲ್ಲಿ ದೊಡ್ಡದು ಇದೇ. ಬಿಳಿ ಬಾಲು ಚುಕ್ಕೆಯಲ್ಲ, ಅದಕ್ಕೂ 57 ಮಿ.ಮೀ. ಅಗಲ ಇದೆ. ಅದರ ನಡುವನ್ನು ಆ ಬಿಂದುವಿಗೆ ಗುರಿ ಇಟ್ಟರೆ, ಬಿಂದುವಿಗೆ ತಲುಪುವ ಮೊದಲೇ ಅದರ ಹೊಟ್ಟೆ ಬಣ್ಣದ ಬಾಲಿಗೆ ತಾಗಿರುತ್ತದೆ. ಹೊಡೆತ ದಪ್ಪ ಆಗುತ್ತದೆ. ನೇರ ಹೊಡೆತ ಒಂದನ್ನು ಬಿಟ್ಟು ಉಳಿದೆಲ್ಲ ಕಡೆಯೂ ಹೀಗೇ.

ಕೇರಂ ಆಡಿ ಬಂದವರಿಗೆ ಇದು ಇನ್ನೂ ಕಷ್ಟ. ಕೇರಂನಲ್ಲಿ ಸ್ಟ್ರೈಕರ್ ದೊಡ್ಡದು, ಕಾಯಿ ಚಿಕ್ಕದು. ಸ್ಟ್ರೈಕರ್ 41 ಮಿ.ಮೀ., ಕಾಯಿ 31ರ ಆಸುಪಾಸು. ಅಲ್ಲಿ ಕೂತು ಮೇಲಿನಿಂದ ನೋಡುತ್ತೇವೆ. ಎರಡೂ ಚಪ್ಪಟೆ, ಮುಟ್ಟುವ ಜಾಗ ಕಣ್ಣಿಗೆ ಕಾಣುತ್ತದೆ. ಪೂಲ್‌ನಲ್ಲಿ ಎರಡು ಗುಂಡುಗಳು ಮುಟ್ಟುವುದು ಬಟ್ಟೆಯಿಂದ ಸುಮಾರು 28.5 ಮಿ.ಮೀ. ಎತ್ತರದಲ್ಲಿ, ಹೊಟ್ಟೆಯ ನಡುವಿನಲ್ಲಿ. ಕೆಳಗೆ ಅವು ಬಟ್ಟೆಯ ಮೇಲೆ ಕೂತಿರುವ ಜಾಗಗಳ ನಡುವೆ ಪೂರಾ 57 ಮಿ.ಮೀ. ಅಂತರ ಉಳಿದಿರುತ್ತದೆ. ಕಣ್ಣಿಗೆ ಈ ಅಂತರ ಒಪ್ಪಿಗೆ ಆಗುವುದಿಲ್ಲ. ಅದು ಬಿಳಿ ಬಾಲನ್ನು ಇನ್ನೂ ಹತ್ತಿರಕ್ಕೆ ಎಳೆದು ಕಲ್ಪಿಸಿಕೊಳ್ಳುತ್ತದೆ.

ಇದನ್ನು ತಿದ್ದಲು ಹೀಗೆ ಮಾಡಿ. ಬಣ್ಣದ ಬಾಲನ್ನು ಇಡಿ. ಪಾಕೆಟ್ ಇರುವ ನೇರಕ್ಕೆ, ಅದರ ಹಿಂದೆ ಇನ್ನೊಂದು ಬಾಲನ್ನು ಮುಟ್ಟಿಸಿ ಇಡಿ. ಈ ಎರಡನೆಯ ಬಾಲು ಇರುವ ಜಾಗಕ್ಕೇ ಬಿಳಿ ಬಾಲು ಬರಬೇಕು. ಇದನ್ನೇ ಘೋಸ್ಟ್ ಬಾಲ್ ಅನ್ನುವುದು. ಆ ಎರಡನೆಯ ಬಾಲನ್ನು ಎತ್ತಿ, ಅದು ಕೂತಿದ್ದ ಜಾಗದಲ್ಲಿ ಪಂಚ್ ಮಿಷಿನ್‌ನಿಂದ ಬಿದ್ದ ಕಾಗದದ ಚೂರನ್ನು ಇಡಿ. ಟಿಕಳಿ ಅಂಟಿಸಬೇಡಿ, ಗೋಂದು ಬಟ್ಟೆಗೆ ಹಿಡಿಯುತ್ತದೆ, ಟೇಬಲ್ ನೋಡಿಕೊಳ್ಳುವ ಮಾರ್ಕರ್ ಬೈಯುತ್ತಾರೆ.

ಈಗ ಬಿಳಿ ಬಾಲಿನ ಹಿಂದೆ ನಿಂತು ಆ ಚೂರನ್ನು ನೋಡಿ. "ಇದು ತುಂಬಾ ಹೊರಗಿದೆ" ಅನಿಸಿದರೆ ನಿಮ್ಮ ಕಣ್ಣು ಇಷ್ಟು ದಿನ ಬಿಳಿ ಬಾಲನ್ನು ಚಿಕ್ಕದಾಗಿ ಲೆಕ್ಕ ಹಾಕುತ್ತಿತ್ತು ಅಂತ ಅರ್ಥ. ಅನುಮಾನ ಬಿಟ್ಟು, ಸ್ಟಿಕ್‌ನ ಗೆರೆ ಆ ಚೂರಿನ ಮೇಲೆ ಹಾಯುವಂತೆ ಹೊಡೆಯಿರಿ. ದಿನಕ್ಕೆ 30 ಹೊಡೆತ, ಬೇರೆ ಬೇರೆ ಕೋನಗಳಲ್ಲಿ. ಆಮೇಲೆ ಚೂರು ಇಲ್ಲದೆ 30. ಪಂದ್ಯದಲ್ಲಿ ಟೇಬಲ್ ಮೇಲೆ ಗುರುತು ಇಡುವಂತಿಲ್ಲ. ಅಲ್ಲಿ ಬಟ್ಟೆಯ ಮೇಲಿನ ಚಾಕ್ ಕಲೆ, ನೂಲಿನ ಗಂಟು, ಏನು ಕಂಡರೂ ಅದನ್ನೇ ಚೂರು ಮಾಡಿಕೊಳ್ಳಬೇಕು.

ಇಲ್ಲೇ ಮೂರು ಅಳತೆ ನೆನಪಿಟ್ಟುಕೊಳ್ಳಿ. ಸ್ಟಿಕ್‌ನ ಗೆರೆ ಬಣ್ಣದ ಬಾಲಿನ ಅಂಚಿಗೆ ಸರಿಯಾಗಿ ಹೋದರೆ ಅರ್ಧ ಬಾಲು ಮುಚ್ಚುತ್ತದೆ, ಕಟ್ ಕೋನ 30 ಡಿಗ್ರಿ. ಮುಕ್ಕಾಲು ಮುಚ್ಚಿದರೆ ಸುಮಾರು 14.5. ಕಾಲು ಮುಚ್ಚಿದರೆ ಸುಮಾರು 48.5. ಇವುಗಳಲ್ಲಿ ಅರ್ಧದ್ದು ಚಿನ್ನದಂಥ ಹೊಡೆತ. ಯಾಕೆಂದರೆ ಬಾಲಿನ ಅಂಚು ನಿಜವಾಗಿ ಕಣ್ಣಿಗೆ ಕಾಣುವ ವಸ್ತು. ಕಾಲು, ಮುಕ್ಕಾಲುಗಳನ್ನು ಕಣ್ಣು ಊಹೆ ಮಾಡಬೇಕು. ಮೊದಲು 30 ಡಿಗ್ರಿಯನ್ನು ಗಟ್ಟಿ ಮಾಡಿಕೊಳ್ಳಿ. ಉಳಿದ ಹೊಡೆತಗಳನ್ನು "ಅದಕ್ಕಿಂತ ದಪ್ಪ, ಅದಕ್ಕಿಂತ ತೆಳು" ಅಂತ ಅಳೆಯಬಹುದು.

ಇನ್ನೊಂದು ಎಚ್ಚರಿಕೆ. ಬಗ್ಗಿದಾಗ ಬಿಳಿ ಬಾಲು ಕಣ್ಣಿನಿಂದ 60 ಸೆಂ.ಮೀ. ದೂರ, ಬಣ್ಣದ ಬಾಲು 180 ಸೆಂ.ಮೀ. ದೂರ ಇದ್ದರೆ, ಬಿಳಿ ಬಾಲು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಆ ದೊಡ್ಡ ಬಿಳಿ ವೃತ್ತ ಚಿಕ್ಕ ವೃತ್ತವನ್ನು ಎಷ್ಟು ಮುಚ್ಚಿದೆ ಅಂತ ನೋಡಿ ಅಳೆಯಲು ಹೋಗಬೇಡಿ. ಗೆರೆ ಮಾತ್ರ ನೋಡಿ.

ಹಂತ 4: ನಿಂತಾಗಿನ ಕೋನ, ಬಗ್ಗಿದಾಗಿನ ಕೋನ

ಇದಕ್ಕೆ ಮೊಬೈಲ್ ಸಾಕು. 20 ಡಿಗ್ರಿ ಆಸುಪಾಸಿನ ಒಂದು ಕಟ್ ಇಡಿ. ಬಿಳಿ ಬಾಲಿನ ಹಿಂದೆ ನಿಂತು, ಕಣ್ಣಿನ ಮಟ್ಟದಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಬಗ್ಗಿ, ಕಣ್ಣಿರುವ ಜಾಗದಲ್ಲೇ ಮೊಬೈಲ್ ಹಿಡಿದು ಇನ್ನೊಂದು ತೆಗೆಯಿರಿ. ಎರಡೂ ಫೋಟೋಗಳ ಮೇಲೆ ಬಿಳಿ ಬಾಲಿನಿಂದ ಬಣ್ಣದ ಬಾಲಿಗೆ, ಅಲ್ಲಿಂದ ಪಾಕೆಟ್‌ಗೆ ಗೆರೆ ಎಳೆಯಿರಿ.

ಒಂದೇ ಹೊಡೆತ, ಎರಡು ಬೇರೆ ಕೋನ! ನೋಟ ಟೇಬಲ್‌ಗೆ 30 ಡಿಗ್ರಿ ಇಳಿಜಾರಾಗಿದ್ದರೆ 20 ಡಿಗ್ರಿಯ ಕಟ್ ಚಿತ್ರದಲ್ಲಿ ಸುಮಾರು 36 ಡಿಗ್ರಿಯಂತೆ ಕಾಣುತ್ತದೆ. ಬಗ್ಗಿ ನೋಟ 15 ಡಿಗ್ರಿಗೆ ಇಳಿದರೆ ಅದೇ ಕಟ್ ಸುಮಾರು 55 ಡಿಗ್ರಿ ಆಗಿಬಿಡುತ್ತದೆ. ಕಾರಣ ಸರಳ. ಕೆಳಗಿನಿಂದ ನೋಡಿದಾಗ ಮುಂದಕ್ಕೆ ಹೋಗುವ ದೂರಗಳು ಚಿತ್ರದಲ್ಲಿ ಕುಗ್ಗುತ್ತವೆ, ಪಕ್ಕದ ದೂರಗಳು ಕುಗ್ಗುವುದಿಲ್ಲ. ಹಾಗಾಗಿ ಎಲ್ಲ ಓರೆಗಳೂ ಇನ್ನಷ್ಟು ಓರೆಯಾಗಿ ತೋರುತ್ತವೆ.

ಮಿದುಳು ಇದನ್ನು ಬಹಳ ಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಪೂರ್ತಿ ಅಲ್ಲ. ಆದ್ದರಿಂದಲೇ ನಿಂತಾಗ ಸರಿಯಾಗಿ ತೀರ್ಮಾನ ಮಾಡಿದವರು, ಬಗ್ಗಿದ ಮೇಲೆ "ಅಯ್ಯೋ, ಇನ್ನೂ ತೆಳುವಾಗಿ ಹೊಡೀಬೇಕು" ಅಂತ ಸ್ಟಿಕ್ ತಿರುಗಿಸಿ ಕೆಡಿಸಿಕೊಳ್ಳುತ್ತಾರೆ. ನನ್ನ ಖಚಿತ ಅಭಿಪ್ರಾಯ ಹೇಳುತ್ತೇನೆ: ಕೋನವನ್ನು ನಿಂತೇ ತೀರ್ಮಾನಿಸಿ. ಬಗ್ಗುವುದು ಆ ತೀರ್ಮಾನವನ್ನು ನಡೆಸಲು ಮಾತ್ರ. ನಮ್ಮ ಹುಡುಗನಿಗೆ ಇದು ಕೂಡಲೇ ಹಿಡಿಸಿತು. "ಹಂಗಾದ್ರೆ ಮೇಲಿಂದ ಮಾರ್ಕ್ ಮಾಡ್ಬೇಕು, ಕೆಳಗಿಂದ ಕತ್ತರಿಸ್ಬೇಕು" ಅಂದ. ಅಷ್ಟೇ.

ಹಂತ 5: ಬಾಲಿನ ಹಿಂದೆ ಮರೆಯಾಗುವ ಗೆರೆ

ಒಂದು ಕಾಗದದ ಮೇಲೆ ಸ್ಕೇಲ್ ಇಟ್ಟು ಓರೆಯಾಗಿ ಉದ್ದ ಗೆರೆ ಎಳೆಯಿರಿ. ಅದರ ನಡುಭಾಗವನ್ನು ಒಂದು ಅಗಲ ಪಟ್ಟಿಯಿಂದ ಮುಚ್ಚಿ, ಪಟ್ಟಿ ನೆಟ್ಟಗೆ ನಿಂತಿರಲಿ. ಈಗ ಪಟ್ಟಿಯ ಆ ಕಡೆ ಈ ಕಡೆ ಕಾಣುವ ತುಂಡುಗಳು ಒಂದೇ ಗೆರೆಯವು ಅನಿಸುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ ಸರಿದಂತೆ ಕಾಣುತ್ತದೆ. ಜರ್ಮನಿಯ ಭೌತವಿಜ್ಞಾನಿ ಪೊಗೆಂಡಾರ್ಫ್ 1860ರಲ್ಲಿ ಗುರುತಿಸಿದ ಭ್ರಮೆ ಇದು, ಅವರ ಹೆಸರಿನಲ್ಲೇ ಇದೆ.

ಪೂಲ್‌ನಲ್ಲೂ ಇದೇ ಪೇಚು. ಪಾಕೆಟ್‌ನಿಂದ ಬರುವ ಗೆರೆ ಬಣ್ಣದ ಬಾಲಿನೊಳಗೆ ಮರೆಯಾಗಿ ಈ ಕಡೆ ಹೊರಬರಬೇಕು. ಅದು ಎಲ್ಲಿ ಹೊರಬರುತ್ತದೆ ಅಂತ ನಾವು ಓರೆಯಾಗಿ ನಿಂತು ಊಹಿಸುತ್ತೇವೆ. ಓರೆ ಗೆರೆ, ಅಡ್ಡ ಬಂದ ವಸ್ತು, ಎರಡೂ ಸೇರಿದ ಮೇಲೆ ಊಹೆ ತಪ್ಪದೆ ಇರುತ್ತದೆಯೇ?

ಪರಿಹಾರಕ್ಕೆ ಕಾಲು ಬೇಕು, ಕಣ್ಣಲ್ಲ. ನಡೆದು ಹೋಗಿ ಬಣ್ಣದ ಬಾಲಿನ ಹಿಂದೆ, ಪಾಕೆಟ್‌ಗೆ ನೇರವಾಗಿ ನಿಲ್ಲಿ. ಅಲ್ಲಿಂದ ನೋಡಿದಾಗ ಆ ಗೆರೆ ಓರೆಯಾಗಿರುವುದಿಲ್ಲ, ನಿಮ್ಮಿಂದ ದೂರಕ್ಕೆ ನೆಟ್ಟಗೆ ಹೋಗುತ್ತದೆ. ಭ್ರಮೆ ಸತ್ತುಹೋಗುತ್ತದೆ. ಕೈಯಲ್ಲಿ ಹಿಡಿದ ಸ್ಟಿಕ್ಕನ್ನು ಆ ಗೆರೆಯ ಮೇಲೆ ಗಾಳಿಯಲ್ಲೇ ಚಾಚಿ ನೋಡಿ. ಘೋಸ್ಟ್ ಬಾಲ್ ಕೂರುವ ಜಾಗದಲ್ಲಿ ಬಟ್ಟೆಯ ಮೇಲೆ ಏನಿದೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆ ಜಾಗದಿಂದ ಕಣ್ಣು ತೆಗೆಯದೆ ಬಿಳಿ ಬಾಲಿನ ಹಿಂದಕ್ಕೆ ನಡೆದು ಬನ್ನಿ.

ಬಳ್ಳಾರಿಯ ಕುಂಬಾರ ಗುಡ್ಡ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಂದು ದಿಕ್ಕಿನಿಂದ ನೋಡಿದರೆ ಆ ಗುಡ್ಡದಲ್ಲಿ ಮನುಷ್ಯನ ಮುಖ ಕಾಣುತ್ತದೆ. ಬೇರೆ ಕಡೆಯಿಂದ ಬರೀ ಬಂಡೆ. ಪೂಲ್‌ನ ಗೆರೆಗೂ ಹಾಗೆಯೇ ಒಂದು ಜಾಗ ಇದೆ.

ಬದಿಯ ಪಾಕೆಟ್‌ಗಳಲ್ಲಿ ಇನ್ನೊಂದು ಗಮನ. ಅವುಗಳ ಬಾಯಿ ಮೂಲೆ ಪಾಕೆಟ್‌ಗಿಂತ ಸುಮಾರು ಅರ್ಧ ಇಂಚು ಜಾಸ್ತಿ. ಆದರೆ ಓರೆಯಿಂದ ಬಂದರೆ ಬಾಗಿಲು ಕಿರಿದಾಗುತ್ತದೆ. ನೀವು ನಿಂತ ಜಾಗದಿಂದ ಅಗಲ ಕಂಡರೆ ಸಾಲದು. ಬಾಲು ಬರುವ ದಾರಿಯಿಂದ ಅದು ಎಷ್ಟು ತೆರೆದಿದೆ ಅಂತ ಅಲ್ಲಿಗೇ ಹೋಗಿ ನೋಡಿ.

ಹಂತ 6: ತಲೆ ಎಲ್ಲಿಡಬೇಕು

ಮುಖದ ಮುಂದೆ ಒಂದು ಬೆರಳು ಹಿಡಿದು ದೂರದ ಗೋಡೆ ನೋಡಿ. ಬೆರಳು ಎರಡಾಗಿ ಕಾಣುತ್ತದೆ. ಬಣ್ಣದ ಬಾಲು ನೋಡುವಾಗ ನಿಮ್ಮ ಸ್ಟಿಕ್ ಕೂಡ ಹೀಗೇ ಎರಡಾಗಿ ಕಾಣುತ್ತಿರುತ್ತದೆ. ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಮಿದುಳು ಒಂದನ್ನು ನಂಬಿ, ಇನ್ನೊಂದನ್ನು ಬದಿಗೆ ತಳ್ಳುತ್ತದೆ. ಯಾವುದನ್ನು ನಂಬುತ್ತದೆ ಅನ್ನುವುದರ ಮೇಲೆ ಸ್ಟಿಕ್ ಎತ್ತ ತೋರಿಸುತ್ತಿದೆ ಅನ್ನುವ ನಿಮ್ಮ ತಿಳಿವಳಿಕೆ ನಿಂತಿದೆ.

ಎರಡೂ ಕೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಗೌಂಡಿಯೋ ಬಡಗಿಯೋ ಒಂದು ಕಣ್ಣು ಮುಚ್ಚಿ ನೇರ ನೋಡುವಾಗ ತೆರೆದಿಡುವುದು ಹೆಚ್ಚಾಗಿ ಇದನ್ನೇ.

ಆದರೆ "ಯಜಮಾನ ಕಣ್ಣಿನ ಕೆಳಗೇ ಸ್ಟಿಕ್ ಇಡಿ" ಅನ್ನುವ ಮಾತನ್ನು ಹಾಗೇ ನುಂಗಬೇಡಿ. ಕೆಲವರಿಗೆ ಗಲ್ಲದ ನಡುವೆ ಇಟ್ಟಾಗ ನೇರ ಕಾಣುತ್ತದೆ. ಕೆಲವರಿಗೆ ಎರಡರ ನಡುವೆ ಎಲ್ಲೋ. ಕಣ್ಣು ತುಂಬಾ ಪಕ್ಕಕ್ಕೆ ತಿರುಗಿದಾಗ ಯಜಮಾನಿಕೆ ಬದಲಾಗುವುದೂ ಉಂಟು. ಸ್ನೂಕರ್ ಪೂಲ್‌ನಂಥದೇ ಆಟ. 1927ರಿಂದ 1946ರವರೆಗೆ 15 ಸಲ ವಿಶ್ವ ಸ್ನೂಕರ್ ಚಾಂಪಿಯನ್ ಆದ ಜೋ ಡೇವಿಸ್ ಅವರ ಬಲಗಣ್ಣು ಮಂದವಾಗಿತ್ತು. ಅವರ ಸ್ಟಿಕ್ ಎಡಗಣ್ಣಿನ ಕೆಳಗೆ ಓಡುತ್ತಿತ್ತು. ಅದು ಅವರಿಗೆ ಸರಿ.

ನಿಮ್ಮ ಜಾಗ ಹುಡುಕಲು ಹಂತ 1ರ ನೇರ ಹೊಡೆತ, ಅದೇ ದಾರ ತೆಗೆದುಕೊಳ್ಳಿ. ಈ ಸಲ ದಾರ ಎಳೆದೇ ಇರಲಿ, ಸ್ಟಿಕ್ ದಾರದ ಕೆಳಗೆ ನೇರ ಇರಲಿ. ನೀವು ಬಗ್ಗಿ, ತಲೆಯನ್ನು ಮಾತ್ರ ಎಡಕ್ಕೆ ಬಲಕ್ಕೆ ಮೆಲ್ಲಗೆ ಸರಿಸಿ. ನೇರವಾಗಿರುವ ಸ್ಟಿಕ್ ಯಾವ ಜಾಗದಲ್ಲಿ ನೇರವಾಗಿಯೇ ಕಾಣುತ್ತದೋ ಅಲ್ಲಿ ನಿಲ್ಲಿ. ಗೆಳೆಯರು ಎದುರಿನಿಂದ ಫೋಟೋ ತೆಗೆಯಲಿ. ಸ್ಟಿಕ್ ಮುಖದ ಯಾವ ಭಾಗದ ಕೆಳಗಿದೆ ಅಂತ ಆ ಫೋಟೋ ಹೇಳುತ್ತದೆ. ಬೇರೆ ಬೇರೆ ದಿನ ಮೂರು ಸಲ ಮಾಡಿ. ನಮ್ಮ ಹುಡುಗನ ತಲೆ ಒಂದು ಬೆರಳಗಲ ಎಡಕ್ಕೆ ಸರಿಯಬೇಕಿತ್ತು. ಅದು ಅವನ ಅಳತೆ, ನಿಮ್ಮದು ಬೇರೆ. ತಲೆ ವಾಲಿಸಬೇಡಿ, ಎರಡೂ ಕಣ್ಣು ಒಂದೇ ಮಟ್ಟದಲ್ಲಿರಲಿ.

ಕನ್ನಡಕ ಹಾಕುವವರಿಗೆ ಒಂದು ಮಾತು. ಬಗ್ಗಿದಾಗ ನೀವು ಗಾಜಿನ ಮೇಲಂಚಿನಿಂದ ನೋಡುತ್ತೀರಿ. ಪವರ್ ಜಾಸ್ತಿ ಇದ್ದಷ್ಟೂ ಅಂಚಿನಲ್ಲಿ ವಸ್ತುಗಳು ತಮ್ಮ ಜಾಗದಿಂದ ಸರಿದಂತೆ ಕಾಣುತ್ತವೆ, ಸ್ಟಿಕ್ ಬಾಗಿದಂತೆಯೂ ಕಾಣಬಹುದು. ದೂರಕ್ಕೂ ಹತ್ತಿರಕ್ಕೂ ಸೇರಿಸಿ ಮಾಡಿದ ಗಾಜುಗಳಲ್ಲಿ ಇದು ಇನ್ನೂ ಜಾಸ್ತಿ. 1985ರ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಸ್ಟೀವ್ ಡೇವಿಸ್ ಅವರನ್ನು ಕೊನೆಯ ಕಪ್ಪು ಬಾಲಿನಲ್ಲಿ 18-17ರಿಂದ ಸೋಲಿಸಿದ ಡೆನಿಸ್ ಟೇಲರ್ ಅವರ ಕನ್ನಡಕ ತಲೆಕೆಳಗಾಗಿ ಹಾಕಿದಂತೆ ಕಾಣುತ್ತಿತ್ತು. ಬಗ್ಗಿದಾಗಲೂ ಗಾಜಿನ ನಡುಭಾಗದಿಂದಲೇ ನೋಡಲಿ ಅಂತ ಗಾಜನ್ನು ಎತ್ತರಕ್ಕೆ ಕೂರಿಸಿ ಮಾಡಿದ್ದರು. ನೀವು ಅಷ್ಟು ಮಾಡಬೇಕಿಲ್ಲ. ಮುಂದಿನ ಸಲ ಕನ್ನಡಕ ಮಾಡಿಸುವಾಗ ಎತ್ತರದ ಗಾಜು ಇರುವ ಫ್ರೇಮ್ ಕೇಳಿ, ಬಗ್ಗಿ ನೋಡುವ ಆಟ ಆಡುತ್ತೇನೆ ಅಂತ ಹೇಳಿ.

ಹಂತ 7: ಬೆಳಕು, ಬಣ್ಣ, ಪಟ್ಟಿ

ಕಡು ಹಿನ್ನೆಲೆಯ ಮೇಲೆ ಬಿಳಿ ವಸ್ತು, ಅದೇ ಅಳತೆಯ ಕಪ್ಪು ವಸ್ತುವಿಗಿಂತ ದೊಡ್ಡದಾಗಿ ಕಾಣುತ್ತದೆ. ಎಂಟನೆಯ ನಂಬರಿನ ಕಪ್ಪು ಬಾಲು ಕೊನೆಗೆ ಉಳಿದಾಗ ತಪ್ಪುವುದಕ್ಕೆ ಎದೆಬಡಿತ ಒಂದೇ ಕಾರಣವಲ್ಲ. ಅದರ ಅಂಚು ನೆರಳಿನಲ್ಲಿ ಕರಗಿರುತ್ತದೆ.

ದೀಪದ ಹೊಳಪು ಬಾಲಿನ ಮೇಲೆ ಬಿದ್ದಿರುವ ಚುಕ್ಕೆಯನ್ನು ಕಣ್ಣು ಬಾಲಿನ ನಡು ಅಂತ ಹಿಡಿಯುತ್ತದೆ. ಟೇಬಲ್‌ನ ಸರಿಯಾಗಿ ಮೇಲೆ ದೀಪ ಇದ್ದರೆ ತೊಂದರೆ ಕಡಿಮೆ. ಗೋಡೆಯ ಮೇಲೆ ಒಂದೇ ಟ್ಯೂಬ್‌ಲೈಟ್ ಇದ್ದರೆ ಹೊಳಪು ಒಂದು ಕಡೆಗೆ, ನೆರಳು ಇನ್ನೊಂದು ಕಡೆಗೆ ಸರಿಯುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಅರ್ಧ ದೀಪ ಉರಿಯುವಾಗ ನಾನು ತೆಳು ಕಟ್ ಹೊಡೆಯುವುದೇ ಇಲ್ಲ. ಆಗ ಬಾಲು ಬಟ್ಟೆಗೆ ತಾಗಿರುವ ಜಾಗವನ್ನು ನೋಡಿ. ಬಾಲಿನ ನಡು ಅದರ ನೇರ ಮೇಲೆಯೇ ಇರುತ್ತದೆ, ಬೆಳಕು ಎತ್ತ ಬಿದ್ದರೂ ಅದು ಬದಲಾಗದು.

9ರಿಂದ 15ರವರೆಗಿನ ನಂಬರಿನ ಪಟ್ಟಿ ಬಾಲುಗಳಲ್ಲಿ ಪಟ್ಟಿ ವಾಲಿ ನಿಂತಿದ್ದರೆ ಬಾಲೇ ಆ ಕಡೆ ತಿರುಗಿದೆ ಅನಿಸುತ್ತದೆ. ಪಟ್ಟಿಯನ್ನು ಮರೆತು ಹೊರಗಿನ ಅಂಚು ನೋಡಿ.

ಹಂತ 8: ಒಂದೇ ಕ್ರಮ, ಪ್ರತಿ ಸಲ

ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಕಣ್ಣು ತುಂಬಾ ಸ್ಪಷ್ಟವಾಗಿ ನೋಡುವ ಜಾಗ ಅಷ್ಟೇ, ಸುಮಾರು 2 ಡಿಗ್ರಿ. 180 ಸೆಂ.ಮೀ. ದೂರದಲ್ಲಿ ಅದು ಹೆಚ್ಚುಕಡಿಮೆ ಒಂದು ಬಾಲಿನಷ್ಟು. ಬಿಳಿ ಬಾಲು, ಬಣ್ಣದ ಬಾಲು, ಪಾಕೆಟ್ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡುವುದು ಯಾರಿಂದಲೂ ಆಗದು. ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಹಾರುವ ಆ ಗಳಿಗೆಯಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕನ್ನಡಿ ಮುಂದೆ ನಿಂತು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ನೋಟ ಬದಲಿಸಿ ನೋಡಿ. ನಿಮ್ಮ ಕಣ್ಣು ಚಲಿಸಿದ್ದು ನಿಮಗೇ ಕಾಣದು.

ಹೊಡೆಯುವ ಹೊತ್ತಿನಲ್ಲಿ ಕಣ್ಣು ಹಾರುತ್ತಿದ್ದರೆ ನೀವು ಕುರುಡಾಗಿ ಹೊಡೆದಂತೆ. ಹೊಡೆತಕ್ಕೆ ಮುಂಚೆ ನೋಟವನ್ನು ಒಂದೇ ಕಡೆ ನಿಲ್ಲಿಸುವುದಕ್ಕೆ ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ "ಕ್ವೈಟ್ ಐ" ಅಂತ ಹೆಸರಿಟ್ಟರು. 2002ರಲ್ಲಿ ವಿಲಿಯಮ್ಸ್, ಸಿಂಗರ್, ಫ್ರೆಲಿಕ್ ಎಂಬುವರು ಬಿಲಿಯರ್ಡ್ಸ್ ಆಟಗಾರರ ಕಣ್ಣನ್ನೇ ಅಳೆದು ನೋಡಿದರು. ಪಳಗಿದವರ ನೋಟ ಹೊಸಬರಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತಿತ್ತು.

ಕ್ರಮ ಹೀಗಿರಲಿ. ಪಾಕೆಟ್ ಗೆರೆಯ ಹಿಂದೆ ಹೋಗಿ ನೋಡಿ. ಬಿಳಿ ಬಾಲಿನ ಹಿಂದೆ ಎರಡು ಹೆಜ್ಜೆ ದೂರ ನಿಂತು ತೀರ್ಮಾನ ಮಾಡಿ. ಗೆರೆಯ ಮೇಲೆಯೇ ನಡೆದು ಬಂದು, ಅದೇ ಗೆರೆಯಲ್ಲಿ ನೇರ ಕೆಳಗೆ ಬಗ್ಗಿ. ಪಕ್ಕದಿಂದ ಬಂದು ಬಗ್ಗಿ ಆಮೇಲೆ ಸರಿದುಕೊಳ್ಳುವ ಅಭ್ಯಾಸ ಬಿಡಿ, ನಿಂತು ಕಂಡ ಗೆರೆ ಅಲ್ಲೇ ಕಳೆದುಹೋಗುತ್ತದೆ. ಬಗ್ಗಿದ ಮೇಲೆ ಎರಡು ಮೂರು ಸಲ ಸ್ಟಿಕ್ ಆಡಿಸುವಾಗ ನೋಟ ಬಿಳಿ ಬಾಲಿಗೂ ಬಣ್ಣದ ಬಾಲಿಗೂ ಹೋಗಿ ಬರಲಿ. ಕೊನೆಗೆ ಸ್ಟಿಕ್ ಹಿಂದೆ ಎಳೆಯುವ ಮೊದಲು ಬಣ್ಣದ ಬಾಲಿನ ಮೇಲೆ ನೋಟ ನಿಲ್ಲಿಸಿ, ಮನಸ್ಸಿನಲ್ಲೇ "ಒಂದು, ಎರಡು" ಎಣಿಸಿ, ಹೊಡೆಯಿರಿ. ಬಿಳಿ ಬಾಲು ಹೋಗಿ ಮುಟ್ಟುವವರೆಗೆ ಕಣ್ಣು ಅಲ್ಲೇ ಇರಲಿ, ತಲೆ ಏಳದಿರಲಿ.

ಬಗ್ಗಿದ ಮೇಲೆ ಗುರಿ ತಪ್ಪು ಅನಿಸಿತೇ? ಸ್ಟಿಕ್ ತಿರುಗಿಸಬೇಡಿ. ಎದ್ದು ನಿಂತು ಮೊದಲಿನಿಂದ ಶುರು ಮಾಡಿ. ನೋಡುವವರು ಏನಾದರೂ ಅಂದುಕೊಳ್ಳಲಿ.

ಹಂತ 9: ನೋಟ್‌ಬುಕ್ ಇಡಿ

ಕಣ್ಣಿನ ತಪ್ಪಿನಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ದಿನಾ ಒಂದೇ ಥರ ತಪ್ಪುತ್ತದೆ. ಆದ್ದರಿಂದ ಅದನ್ನು ಹಿಡಿಯಬಹುದು.

ವಾರಕ್ಕೆ ಒಮ್ಮೆ 30 ಡಿಗ್ರಿಯ ಕಟ್‌ಗಳನ್ನು ಹೊಡೆಯಿರಿ. ಬಾಲು ಎಡಕ್ಕೆ ಹೋಗುವಂಥದ್ದು 10, ಬಲಕ್ಕೆ ಹೋಗುವಂಥದ್ದು 10. ಹೋದರೆ ಸರಿ ಗುರುತು. ತಪ್ಪಿದರೆ ದಪ್ಪಕ್ಕೆ "ದ", ತೆಳುವಿಗೆ "ತೆ". ಬೇರೇನೂ ಬರೆಯಬೇಡಿ.

ಈಗ ಪುಟ ಓದಿ. ಎರಡೂ ಕಡೆ "ದ" ಜಾಸ್ತಿ ಇದ್ದರೆ, ನೀವು ಇನ್ನೂ ಮುಟ್ಟುವ ಬಿಂದುವಿಗೇ ಗುರಿ ಇಡುತ್ತಿದ್ದೀರಿ, ಇಲ್ಲವೇ ಬಾಲು ಕೊಳೆಯಾಗಿದೆ. ಹಂತ 2 ಮತ್ತು 3ಕ್ಕೆ ಹೋಗಿ. ಎರಡೂ ಕಡೆ "ತೆ" ಜಾಸ್ತಿ ಇದ್ದರೆ, ಬಗ್ಗಿದ ಮೇಲೆ ಕಂಡ ಕೋನವನ್ನು ನಂಬುತ್ತಿದ್ದೀರಿ. ಹಂತ 4. ಒಂದು ಕಡೆ "ದ", ಇನ್ನೊಂದು ಕಡೆ "ತೆ" ಬಂದರೆ ಬಿಳಿ ಬಾಲು ಯಾವಾಗಲೂ ಒಂದೇ ಪಕ್ಕಕ್ಕೆ ಹೋಗುತ್ತಿದೆ. ಎಡಗಡೆ ಕಟ್ ತೆಳು, ಬಲಗಡೆ ಕಟ್ ದಪ್ಪ ಆದರೆ ಅದು ಬಲಕ್ಕೆ ಹೋಗುತ್ತಿದೆ. ಉಲ್ಟಾ ಆದರೆ ಎಡಕ್ಕೆ. ಹಂತ 1 ಮಾಡಿ, ಆಮೇಲೆ ಹಂತ 6.

ನಮ್ಮ ಹುಡುಗನ ಮೊದಲ ಪುಟದಲ್ಲಿ ಎಡಗಡೆ ಆರು "ತೆ", ಬಲಗಡೆ ಐದು "ದ" ಇದ್ದವು. ದಾರ ಹೇಳಿದ್ದನ್ನೇ ಪುಟವೂ ಹೇಳಿತು. ತಲೆ ಸರಿಸಿಕೊಂಡ ಮೊದಲ ವಾರ ಎಲ್ಲವೂ ಸೊಟ್ಟ ಕಾಣುತ್ತದೆ ಅಂತ ಒದ್ದಾಡಿದ, ಹಳೆಯದಕ್ಕಿಂತ ಕೆಟ್ಟದಾಗಿ ಆಡಿದ. ಆ ವಾರ ನಿಮಗೂ ಬರುತ್ತದೆ. ಬಿಡಬೇಡಿ. ಐದನೆಯ ವಾರದ ಪುಟದಲ್ಲಿ ಎಡಗಡೆ ಎರಡು "ತೆ", ಬಲಗಡೆ ಒಂದು "ದ".

ಆಮೇಲೆ ಒಂದು ಸಲ ರಾಯಚೂರಿಗೆ ಆಡಲು ಹೋದೆವು. ಅಲ್ಲಿನ ಟೇಬಲ್ ದೊಡ್ಡದು, ದೀಪ ತಗ್ಗಿನಲ್ಲಿತ್ತು. ಅವನು ಆಟ ಶುರು ಮಾಡುವ ಮೊದಲು ಜೇಬಿನಿಂದ ನೋಟ್‌ಬುಕ್ ತೆಗೆದು, ಎಡಕ್ಕೆ ಐದು, ಬಲಕ್ಕೆ ಐದು ಹೊಡೆದು ನೋಡಿದ. ಟೇಬಲ್ ಬದಲಾದಾಗ, ದೀಪ ಬದಲಾದಾಗ, ಹೊಸ ಕನ್ನಡಕ ಬಂದಾಗ ನೀವೂ ಹಾಗೆ ಆ ಹತ್ತು ಬಾಲುಗಳನ್ನು ಹೊಡೆದೇ ಆಟಕ್ಕೆ ಇಳಿಯಿರಿ.